ಒಂಬತ್ತು ಮ್ಯಾಚು ಸೋತ ವರ್ಷ

ಮೊನ್ನೆ ಬೆಳಿಗ್ಗೆ ನಮ್ಮನೆಯವಳು ಚಟ್ನಿಪುಡಿಗೆಂದು ಅಗಸಿ ಹುರಿಯುತ್ತಿದ್ದಳು. ಬಾಣಲೆಯಲ್ಲಿ ಅಗಸಿ ಚಟಪಟ ಸಿಡಿಯುವಾಗ ಮನೆಯೆಲ್ಲ ಹಬ್ಬುವ ಆ ಎಣ್ಣೆಗಂಪು ನಿಮಗೂ ಗೊತ್ತಿರಬೇಕು. ಉಳಿದವರಿಗೆ ಅದರಿಂದ ಬಿಸಿ ರೊಟ್ಟಿ ನೆನಪಾಗುತ್ತದೆ. ನನಗೆ ಹಾಕಿ ನೆನಪಾಗುತ್ತದೆ. ನಗಬೇಡಿ. ಮಳೆಗಾಲ ಮುಗಿಯುತ್ತಲೇ ನಾವು ಹಾಕಿ ಕೋಲುಗಳಿಗೆ ಅಗಸಿ ಎಣ್ಣೆ ಕುಡಿಸಿ, ಬಿಸಿಲಿಗೆ ಗೋಡೆಗೆ ಒರಗಿಸಿ ಇಡುತ್ತಿದ್ದೆವು. ಅದೂ ಅಲ್ಲದೆ, ಒಂದು ವರ್ಷ ಜನ ನನ್ನನ್ನೇ ‘ಅಗಸಿ’ ಎಂದು ಕರೆದರು. ಎಣ್ಣೆಯ ಅಗಸಿಯಲ್ಲ, ಊರ ಬಾಗಿಲಿನ ಅಗಸಿ. ಯಾರು ಬೇಕಾದರೂ ಚಕ್ಕಡಿ ಹೊಡೆದುಕೊಂಡು ಒಳಗೆ ಬರಬಹುದಾದ ಹೆಬ್ಬಾಗಿಲು. ನಾನು ಗೋಲಿ ಆಗಿದ್ದೆ, ಅಂದರೆ ಗೋಲ್‌ಕೀಪರ್. ಇನ್ನು ನೀವೇ ತಿಳಿದುಕೊಳ್ಳಿ.

ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ. ಬೆಟಗೇರಿಯ ಓಣಿಗಳಲ್ಲಿ ಮಗ್ಗದ ಸಪ್ಪಳ ನಿಂತರೆ ಹಾಕಿ ಕೋಲಿನ ಸಪ್ಪಳ ಶುರುವಾಗುತ್ತಿತ್ತು. ಗದಗಿನ ಒಂದು ಹತ್ತಿ ಜಿನ್ನಿನ, ಅಂದರೆ ಅರಳೆ ಬಿಡಿಸುವ ಕಾರ್ಖಾನೆಯ, ಸಾವಕಾರರಿಗೆ ಈ ಆಟದ ಹುಚ್ಚು. ಒಳ್ಳೆಯ ಆಟಗಾರ ಕಣ್ಣಿಗೆ ಬಿದ್ದರೆ ಕರೆದು ಜಿನ್ನಿನಲ್ಲಿ ನೌಕರಿ ಕೊಡುತ್ತಿದ್ದರು. ಹೆಸರಿಗೆ ನಾವು ಫಿಟ್ಟರು, ಹಮಾಲರು, ಕಾರಕೂನರು. ಮಧ್ಯಾಹ್ನ ಮೂರಕ್ಕೆ ಸೀಟಿ ಆಯಿತೆಂದರೆ ಮೈಮೇಲಿನ ಹತ್ತಿ ಝಾಡಿಸಿಕೊಂಡು ಮೈದಾನಕ್ಕೆ ಹೊರಡುವವರು. ಪಗಾರ ಆಟಕ್ಕೇ ಬರುತ್ತಿತ್ತು. ನಾನು ಕಾಂಟಾದ ಮುಂದೆ ಕುಳಿತು ಹತ್ತಿಯ ತೂಕ ಬರೆದುಕೊಳ್ಳುತ್ತಿದ್ದೆ. ಆ ಕೆಲಸ ಯಾರಾದರೂ ಮಾಡಬಹುದಿತ್ತು. ಗೋಲಿನಲ್ಲಿ ನಿಲ್ಲುತ್ತೇನೆಂದು ನನಗೆ ಸಿಕ್ಕಿತ್ತು.

ಹಿಂದಿನ ವರ್ಷ ನಾವು ಹೋದಲ್ಲೆಲ್ಲ ಗೆದ್ದಿದ್ದೆವು. ಜನ ನನ್ನನ್ನು ‘ಕ್ವಾಟಿ’ ಅನ್ನುತ್ತಿದ್ದರು. ಕೋಟೆಯಂತೆ ನಿಲ್ಲುತ್ತಾನೆ ಎಂದು. ನಾನೂ ಎದೆ ಉಬ್ಬಿಸಿಕೊಂಡು ಓಡಾಡಿದೆ. ಖರೆ ಹೇಳಬೇಕೆಂದರೆ, ಆ ವರ್ಷ ಚೆಂಡು ನನ್ನ ತನಕ ಬಂದದ್ದೇ ಕಡಿಮೆ. ಮುಂದೆ ಗೋಲು ಹೊಡೆಯುವವನೊಬ್ಬ ಜಾಣ ಇದ್ದ. ಹಿಂದೆ, ನನ್ನ ಎದುರಿಗೇ, ದಾವಲಸಾಬ ಇದ್ದ. ಲಕ್ಷ್ಮೇಶ್ವರದವನು, ಜಿನ್ನಿನಲ್ಲಿ ಫಿಟ್ಟರು, ನಮ್ಮ ಕ್ಯಾಪ್ಟನ್. ನನಗಿಂತ ಹನ್ನೆರಡು ವರ್ಷ ದೊಡ್ಡವನು. ನಾವೆಲ್ಲ ದಾವಲಣ್ಣ ಅನ್ನುತ್ತಿದ್ದೆವು. ಅವನನ್ನು ದಾಟಿ ಬಂದ ಚೆಂಡಿಗೆ ಉಸಿರೇ ಉಳಿದಿರುತ್ತಿರಲಿಲ್ಲ. ನಾನು ಬಗ್ಗಿ ಎತ್ತಿಕೊಂಡರೆ ಆಗುತ್ತಿತ್ತು.

ಮರುವರ್ಷ ಆ ಗೋಲು ಹೊಡೆಯುವ ಜಾಣನಿಗೆ ಹುಬ್ಬಳ್ಳಿಯ ದೊಡ್ಡ ಕಚೇರಿಯೊಂದು ನೌಕರಿ ಕೊಟ್ಟು ಕರೆದುಕೊಂಡಿತು. ಅವನ ಹಿಂದೆಯೇ ನಮ್ಮ ದೈವವೂ ಗಂಟು ಕಟ್ಟಿಕೊಂಡು ಹೋಯಿತು. ಹುಬ್ಬಳ್ಳಿಯಲ್ಲಿ ಎರಡು ಮ್ಯಾಚು ಸೋತೆವು. ನಮ್ಮದೇ ಮೈದಾನದಲ್ಲಿ ಒಂದು. ಆಮೇಲೆ ಲಕ್ಷ್ಮೇಶ್ವರಕ್ಕೆ ಹೋದೆವು.

ಲಕ್ಷ್ಮೇಶ್ವರದ ಮಾತು ಬಂತೆಂದರೆ ನನ್ನ ಪ್ಯಾಡಿನ ಕಥೆ ಹೇಳಲೇಬೇಕು. ನನ್ನ ಕಾಲಿಗೆ ಕಟ್ಟುವ ಪ್ಯಾಡು ಅಂಗಡಿಯಿಂದ ತಂದದ್ದಲ್ಲ. ಗಾದಿ ಹೊಲಿಯುವ ಒಬ್ಬ ಹಿರಿಯರು ನಮ್ಮ ಜಿನ್ನಿನ ಹತ್ತಿಯನ್ನೇ ಗಟ್ಟಿಯಾಗಿ ತುಂಬಿ ಹೊಲಿದು ಕೊಟ್ಟಿದ್ದರು. ಚೆಂಡು ಬಡಿದರೆ ನೋವೇ ಗೊತ್ತಾಗುತ್ತಿರಲಿಲ್ಲ. ಲಕ್ಷ್ಮೇಶ್ವರದಲ್ಲಿ ಆಟದ ನಡುವೆ ಹಿಂಗಾರಿ ಮಳೆ ಬಂತು. ಹತ್ತಿ ನೀರು ಕುಡಿಯಿತು. ಕುಡಿದು ಕುಡಿದು ಉಬ್ಬಿತು. ಕೊನೆಗೆ ಎರಡೂ ಕಾಲಿಗೆ ಒಂದೊಂದು ಗಾದಿ ಕಟ್ಟಿಕೊಂಡು ನಿಂತವನ ಹಾಗೆ ನಾನು ಕದಲಲಾರದೆ ನಿಂತೆ. ಚೆಂಡುಗಳು ಎಡಕ್ಕೂ ಬಲಕ್ಕೂ ಆರಾಮಾಗಿ ಒಳಗೆ ಹೋದವು. ಆಟ ಮುಗಿದ ಮೇಲೆ ನಾಲ್ಕು ಜನ ಸೇರಿ ನನ್ನನ್ನು ಮೈದಾನದಿಂದ ಎತ್ತಿಕೊಂಡು ಬಂದರು. ಗೆದ್ದವರನ್ನೂ ಹಾಗೇ ಎತ್ತಿಕೊಳ್ಳುತ್ತಾರಲ್ಲ, ದೂರದಿಂದ ನೋಡಿದ ಕೆಲವರು ಚಪ್ಪಾಳೆ ತಟ್ಟಿದರು.

ಮಳೆಯ ನೆಪ ಲಕ್ಷ್ಮೇಶ್ವರಕ್ಕೆ ಸರಿ. ಶಿರಹಟ್ಟಿಯಲ್ಲಿ ಬಿಸಿಲಿತ್ತು. ಅಲ್ಲಿಯೂ ಸೋತೆವು. ‘ಅಗಸಿ ತೆರದೈತಿ, ಹೊಡೀರಲೇ!’ ಎಂದು ಜನ ಕೂಗಿದ್ದು ಅಲ್ಲಿಯೇ. ಆ ಹೆಸರು ನಮಗಿಂತ ಮೊದಲು ಬಸ್ಸು ಹತ್ತಿ ಗದಗ ಮುಟ್ಟಿತು. ಮರುದಿನ ಚಹಾದಂಗಡಿಯವನು, ‘ಬರ್ರಿ ಅಗಸಿಯವರ, ಕುಂಡ್ರಿ’ ಎಂದ.

ಜನರ ಬಾಯಿಗೆ ನನಗಿಂತ ಹೆಚ್ಚು ಸಿಕ್ಕವನು ದಾವಲಣ್ಣ. ಆ ವರ್ಷ ಅವನಿಗೊಂದು ಹೊಸ ಚಾಳಿ ಹತ್ತಿತ್ತು. ಆಟ ಶುರುವಾಯಿತೆಂದರೆ ಒಂದೇ ಸಮನೆ ಒದರುತ್ತಿದ್ದ. ‘ಎಡಕ್ಕ! ಬಲಕ್ಕ! ಬಂತು, ಕಾಲ ಕೂಡಸು! ಈಗ!’ ಅವನ ದನಿ ಊರಾಚೆ ಕೇಳುತ್ತಿತ್ತು. ಹುಡುಗರು ಅವನ ಹಾಗೆಯೇ ಒದರಿ ನಗುತ್ತಿದ್ದರು. ನನಗೂ ಸಿಟ್ಟೇ. ಗೋಲಿನಲ್ಲಿ ನಿಂತವನು ನಾನು, ಇವನದೇನು ಕಾರಭಾರ ಅನ್ನಿಸುತ್ತಿತ್ತು. ವಯಸ್ಸಾಯಿತು, ಕಾಲು ಸೋತಾಗ ಬಾಯಿ ಜೋರಾಗುತ್ತದೆ ಎಂದು ನಾವು ಉಳಿದವರು ಬೆನ್ನ ಹಿಂದೆ ಆಡಿಕೊಂಡೆವು.

ದೀಪಾವಳಿ ಮುಗಿದ ಮೇಲೆ ಹೆಂಡತಿ ನೀಲಾಳನ್ನು ಕರೆತರಲು ಮುಂಡರಗಿಗೆ ಹೋದೆ. ಮದುವೆಯಾಗಿ ಎಂಟು ತಿಂಗಳು. ತವರಿಗೆ ಹೋಗಿದ್ದಳು. ಬಸ್‌ಸ್ಟ್ಯಾಂಡಿಗೆ ತಮ್ಮನ ಜೊತೆ ಬಂದು ನಿಂತಿರುತ್ತೇನೆ ಎಂದು ಹೇಳಿ ಕಳಿಸಿದ್ದಳು. ಬಸ್ಸಿಳಿದೆ. ಆ ಕಡೆ ಮುಖ ಮಾಡಿ ನಿಂತ, ನೀಲಾಳದಂಥದೇ ಹಸಿರು ಇಳಕಲ್ ಸೀರೆ ಕಂಡಿತು. ಸೀದಾ ಹೋಗಿ ಕೈಯಲ್ಲಿದ್ದ ಚೀಲ ಕಸಿದುಕೊಂಡು, ‘ನಡಿ ಜಲ್ದಿ, ಬಸ್ ಬಿಡತೈತಿ’ ಎಂದೆ.

‘ಯಾಂವೋ ನೀ! ಬಿಡೋ ಚೀಲಾ!’ ಎಂದು ಆ ಹೆಂಗಸು ಚೀರಿದಳು. ಹತ್ತಿರ ನಿಂತು ನೋಡಿದರೆ ನನ್ನ ತಾಯಿಯ ವಯಸ್ಸಿನವಳು. ಜನ ಸೇರಿದರು. ಒಬ್ಬ ತೋಳು ಏರಿಸಿದ. ಆಗ ಐದಾರು ಮಾರು ದೂರದಿಂದ ನೀಲಾ ಓಡಿಬಂದು, ‘ಬಿಡ್ರಿ, ನಮ್ಮನಿಯವರು ಅದಾರ. ತಪ್ಪಿ ಬಂದಾರ’ ಎಂದು ಬಿಡಿಸಿಕೊಂಡಳು. ಅವಳು ಅಲ್ಲಿಯೇ ನಿಂತು ಕೈ ಬೀಸುತ್ತಿದ್ದಳಂತೆ.

ಬಸ್ಸಿನಲ್ಲಿ ಕುಳಿತೆವು, ಊರು ದಾಟಿತು. ನೀಲಾ ಕಿಟಕಿಯ ಹೊರಗೆ ಕೈಮಾಡಿ ಕೇಳಿದಳು.

‘ಆ ಬೋರ್ಡಿನ ಮ್ಯಾಲೆ ಏನ ಬರದೈತ್ರಿ?’

ಬೋರ್ಡು ಇದೆ ಎಂಬುದು ಅವಳು ಹೇಳಿದ ಮೇಲೆ ಗೊತ್ತಾಯಿತು. ‘ಊರ ಹೆಸರು’ ಎಂದೆ.

‘ಗೊಬ್ಬರದ ಜಾಹೀರಾತ ಅದು. ಖರೆ ಹೇಳ್ರಿ. ಚೆಂಡು ಕಾಣತೈತೇನು ನಿಮಗ?’

‘ಹತ್ರ ಬಂದ ಮ್ಯಾಲೆ ಕಾಣತೈತಿ.’

‘ಹತ್ರ ಬಂದ ಮ್ಯಾಲೆ ಗೋಲ್ ಆಗಿರತೈತೆಲ್ಲ!’

ಆಟದ ಬಗ್ಗೆ ಅಷ್ಟು ಚೊಕ್ಕ ಮಾತನ್ನು ನನಗೆ ಬೇರೆ ಯಾರೂ ಹೇಳಿಲ್ಲ. ಕಣ್ಣು ಮಂಜಾಗುತ್ತಿದೆ ಎಂದು ನನಗೆ ಒಳಗೊಳಗೇ ಗೊತ್ತಿತ್ತು. ಗೊತ್ತಿಲ್ಲದ ಹಾಗೆ ಇದ್ದೆ. ಚಾಳೀಸು, ಅದೇ ಕನ್ನಡಕ, ಹಾಕಿಕೊಂಡವನನ್ನು ಗೋಲಿನಲ್ಲಿ ಯಾರು ನಿಲ್ಲಿಸುತ್ತಾರೆ? ಗೋಲಿನಲ್ಲಿ ನಿಲ್ಲದವನಿಗೆ ಜಿನ್ನಿನಲ್ಲಿ ಏನು ಕೆಲಸ? ‘ಸಾವಕಾರರಿಗೆ ಹೇಳಿಬಿಡ್ರಿ’ ಎಂದಳು ನೀಲಾ. ‘ಈ ವರ್ಷದ ಆಟ ಮುಗೀಲಿ’ ಎಂದೆ.

ಮುಗಿಯುವ ಮೊದಲು ಮತ್ತೆರಡು ಸೋಲು, ಆಮೇಲೆ ಸೊರಟೂರ ಬಂತು. ಏಳು ಮ್ಯಾಚು ಸೋತವರಿಗೆ ಒಂದಾದರೂ ಗೆಲುವು ಸಿಗಲಿ, ಧೈರ್ಯ ಬರಲಿ ಎಂದು ಸಾವಕಾರರೇ ಸೊರಟೂರಿನ ಹುಡುಗರ ಜೊತೆ ಆಟ ಇಟ್ಟರು. ಅವರು ಬರಿಗಾಲಿನವರು. ಅರ್ಧ ಜನರ ಕೈಯಲ್ಲಿ ಜಾಲಿಯ ಕೊಂಬೆ ಕಡಿದು ಮಾಡಿದ ಕೋಲು. ಒಕ್ಕಲು ಮುಗಿದ ಕಣದಂಥ ನೆಲ. ಅವರಿಗೂ ಸೋತೆವು. ಕಟ್ಟೆಯ ಮೇಲಿದ್ದ ಮುದುಕಿಯೊಬ್ಬಳು, ‘ಪಾಪ, ಗದಗಿಲಿಂದ ಬಂದಾವು. ಒಂದರೆ ಬಿಡ್ರೋ ಅವಕ್ಕ’ ಎಂದಳು. ಸೋಲಿಗಿಂತ ಆ ‘ಪಾಪ’ ಸಾವಕಾರರ ಎದೆಗೆ ನಾಟಿತು.

ಮರುದಿನ ಜಿನ್ನಿನ ಅಂಗಳದಲ್ಲಿ ಎಲ್ಲರನ್ನೂ ನಿಲ್ಲಿಸಿದರು. ಅವರು ನೋಡಿದ್ದು ದಾವಲಣ್ಣನನ್ನು.

‘ದಾವಲಸಾಬ, ನಿನಗ ವಯಸ್ಸಾತು. ಕಾಲು ಓಡವಲ್ಲವು. ಬರೇ ಒದರತಿ. ಎಲ್ಲಾ ಚೆಂಡು ನಿನ್ನ ದಾಟೇ ಒಳಗ ಹೊಂಟಾವು. ಆಡಾಕ ಅಂತ ನೌಕರಿ ಕೊಟ್ಟಿದ್ದೆ. ಈ ವಾರ ಮುಗದ ಮ್ಯಾಲೆ ಬರಬ್ಯಾಡ.’

ದಾವಲಣ್ಣ ಟೊಪ್ಪಿಗೆ ಸರಿಮಾಡಿಕೊಂಡು, ‘ಆತ್ರಿ’ ಎಂದ. ಅಷ್ಟೇ. ಅವನಿಗೆ ಮೂರು ಹೆಣ್ಣುಮಕ್ಕಳು. ನಾನು ಅವನಿಂದ ಎರಡು ಮಾರು ದೂರದಲ್ಲಿ ನಿಂತಿದ್ದೆ. ಅಷ್ಟು ದೂರದಲ್ಲಿ ನನಗೆ ಮುಖ ಸರಿಯಾಗಿಯೇ ಕಾಣುತ್ತಿತ್ತು. ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಮನೆಗೆ ಬಂದು ನಡೆದದ್ದನ್ನು ಹೇಳಿದೆ. ನೀಲಾ ಬೈಯಲಿಲ್ಲ. ತಾಟು ತಂದು ಮುಂದೆ ಇಟ್ಟು, ‘ಉಣ್ರಿ’ ಎಂದಳು. ಮುರಿದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಎದ್ದೆ.

ಬೆಳಿಗ್ಗೆ ಎದ್ದವನೇ ಬೆಟಗೇರಿಯಲ್ಲಿದ್ದ ದಾವಲಣ್ಣನ ಬಾಡಿಗೆ ಮನೆಗೆ ಹೋದೆ. ಅಂಗಳದಲ್ಲಿ ಕೂತು ಮಗಳ ಚಪ್ಪಲಿಯ ಉಂಗುಷ್ಠ ಹೊಲಿಯುತ್ತಿದ್ದ. ನಿಂತಲ್ಲಿಯೇ ಒದರಿಬಿಟ್ಟೆ.

‘ದಾವಲಣ್ಣ, ತಪ್ಪು ನಿಂದಲ್ಲ. ನನಗ ಕಣ್ಣು ಕಾಣವಲ್ಲವು.’

ಅವನು ಸೂಜಿಯಿಂದ ಕಣ್ಣು ತೆಗೆಯಲಿಲ್ಲ. ‘ಗೊತ್ತೈತಿ’ ಎಂದ.

‘ಗೊತ್ತೈತಿ? ಯಾವಾಗಿಂದ?’

‘ಹುಬ್ಬಳ್ಯಾಗ ಮೊದಲನೇ ಮ್ಯಾಚಿಂದ. ಚೆಂಡು ಬಲಕ್ಕ ಬಂದ್ರ ನೀ ಎಡಕ್ಕ ನೋಡತಿದ್ದಿ. ಅದಕ್ಕ ಅಲ್ಲೇನಲೇ ನಾ ಒದರಾಕ ಹತ್ತಿದ್ದು? ಕಣ್ಣಿಲ್ಲದಿದ್ರ ಕಿವಿಯರೆ ಇರಲಿ ಅಂತ.’

ನಾನು ಅಲ್ಲಿಯೇ ಹೊಸ್ತಿಲ ಮೇಲೆ ಕುಳಿತೆ. ಎಡಕ್ಕ, ಬಲಕ್ಕ, ಕಾಲ ಕೂಡಸು. ಊರೆಲ್ಲ ನಕ್ಕ ಆ ಒದರಾಟ. ನಾನೂ ನಕ್ಕಿದ್ದೆ.

‘ಸಾವಕಾರರಿಗೆ ಯಾಕ ಹೇಳಲಿಲ್ಲ?’

‘ಹೊಸಾ ಮದಿವಿ ಆದಾಂವ. ನಿನ್ನ ನೌಕರಿ ನಾ ಯಾಕ ತೆಗೀಲಿ?’ ಎಂದು ದಾರವನ್ನು ಹಲ್ಲಿನಿಂದ ಕಡಿದ. ‘ಚಾ ಕುಡದ ಹೋಗು.’

ಚಹಾ ಕುಡಿದು ಸೀದಾ ಸಾವಕಾರರು ಲೆಕ್ಕ ನೋಡುತ್ತ ಕೂರುವ ಗಾದಿಗೆ ಹೋದೆ. ಹೇಳಿದೆ. ಅವರು ನಂಬಲಿಲ್ಲ. ‘ಹಂಗಾರ ಇಷ್ಟ ದಿನಾ ಕಾಂಟಾ ಹೆಂಗ ಓದತಿದ್ದಿ?’ ಎಂದು ಗುಡುಗಿದರು.

‘ಅದು ಮೂಗಿನ ಮುಂದ ಇರತೈತ್ರಿ.’

ಎದುರು ಗೋಡೆಯ ಕ್ಯಾಲೆಂಡರು ತೋರಿಸಿ ಯಾವ ದೇವರು ಎಂದು ಕೇಳಿದರು. ಲಕ್ಷ್ಮಿ ಎಂದೆ. ಹನುಮಪ್ಪ ಆಗಿದ್ದ. ಸಾವಕಾರರು ಬಾಯಲ್ಲಿದ್ದ ಎಲೆಯಡಿಕೆ ಧೋತರದ ಮೇಲೆ ಬೀಳುವ ಹಾಗೆ ನಕ್ಕರು. ನಗು ನಿಂತ ಮೇಲೆ ಮುಖ ಗಂಭೀರವಾಯಿತು. ‘ಅಂವ ನಿನ್ನ ಸಲುವಾಗಿ ಒದರತಿದ್ನಾ? ಒಂದ ಮಾತ ಹೇಳಲಿಲ್ಲಲ್ಲೋ’ ಎಂದರು. ನನಗೆ, ‘ಮೊದಲ ಹೋಗಿ ಚಾಳೀಸ ಮಾಡಿಸು. ಗೋಲಿನ ಹತ್ರ ಮತ್ತ ಸುಳೀಬ್ಯಾಡ. ಕಾಂಟಾದ ಮುಂದ ಇರು’ ಎಂದರು. ದಾವಲಣ್ಣನಿಗೆ ಹೇಳಿ ಕಳಿಸಿದರು: ಜಿನ್ನು ಇರುವ ತನಕ ಫಿಟ್ಟರು ಅವನೇ.

ಉಳಿದದ್ದು ಮುಂಡರಗಿಯ ಮ್ಯಾಚು ಒಂದೇ. ಹೊಸ ಗೋಲಿ ಬಂದ. ಬೆಟಗೇರಿಯ ನೇಕಾರರ ಹುಡುಗ, ಹದ್ದಿನ ಕಣ್ಣು. ನಾನು ಹೊಸ ಚಾಳೀಸು ಏರಿಸಿಕೊಂಡು, ನೀಲಾಳ ತಮ್ಮನ ಜೊತೆ ಗೆರೆಯ ಆಚೆ ನೆಲದ ಮೇಲೆ ಕುಳಿತೆ.

ನಿಮಗೆ ಹೇಗೆ ಹೇಳಲಿ? ನಾನು ಕಣ್ಣು ತುಂಬ ನೋಡಿದ ಮೊದಲ ಹಾಕಿ ಮ್ಯಾಚು ಅದು. ನಾಲ್ಕು ವರ್ಷ ಆಡಿದವನು ಆಟ ಹೇಗಿರುತ್ತದೆ ಎಂದು ಅವತ್ತು ಕಂಡೆ. ದಾವಲಣ್ಣ ಓಡುತ್ತಲೇ ಇರಲಿಲ್ಲ. ಚೆಂಡು ಎಲ್ಲಿಗೆ ಬರುತ್ತದೋ ಅಲ್ಲಿ ಮೊದಲೇ ಹೋಗಿ ನಿಂತಿರುತ್ತಿದ್ದ. ಎದುರಾಳಿ ಬಂದು ಅವನಿಗೇ ಒಪ್ಪಿಸಿದ ಹಾಗೆ ಕಾಣುತ್ತಿತ್ತು. ಅವನು ಕೋಲನ್ನು ಒಂದಿಷ್ಟು ಓರೆ ಮಾಡುತ್ತಿದ್ದ, ಚೆಂಡು ಇನ್ನೊಂದು ದಿಕ್ಕಿಗೆ ಹೋಗುತ್ತಿತ್ತು. ಹಾಗಿದ್ದೂ ಹತ್ತರಲ್ಲಿ ಮೂರು ಅವನನ್ನು ದಾಟಿ ಬರುತ್ತಿದ್ದವು, ಕಾಲು ಖರೇನೇ ಸೋತಿದ್ದವು. ಅಭ್ಯಾಸಬಲದಿಂದ ಅವತ್ತೂ, ‘ಎಡಕ್ಕ! ಬಲಕ್ಕ!’ ಎಂದು ಒದರಿದ. ಹೊಸ ಗೋಲಿ ರೇಗಿ, ‘ನನಗ ಕಣ್ಣ ಅದಾವ್ರೀ!’ ಎಂದ. ದಾವಲಣ್ಣ ನಾಲಿಗೆ ಕಚ್ಚಿಕೊಂಡು ನಾನು ಕುಳಿತ ಕಡೆಗೆ ನೋಡಿ ನಕ್ಕ. ಆ ನಗು ಅಷ್ಟು ದೂರದಿಂದ ನನಗೆ ಸ್ಪಷ್ಟವಾಗಿ ಕಂಡಿತು.

ಹದ್ದಿನ ಕಣ್ಣಿದ್ದೂ ಸೋತೆವು. ಒಂಬತ್ತನೆಯದು.

ಸಾವಕಾರರು ಆ ಬೇಸಿಗೆಯಲ್ಲಿ ತಂಡ ಮುಚ್ಚಿದರು. ಕೆಲಸ ಬಲ್ಲವರು ಉಳಿದರು, ಬರೇ ಆಟ ಬಲ್ಲವರು ಬೇರೆ ಊರು ನೋಡಿಕೊಂಡರು. ಎಂಬತ್ತರ ದಶಕದ ನಡುವೆ ಜಿನ್ನೂ ನಿಂತಿತು. ನಾನು ಗದಗಿನ ಅಡತಿ ಅಂಗಡಿಯೊಂದಕ್ಕೆ ಸೇರಿದೆ. ದಾವಲಣ್ಣ ಹೆಂಡತಿಯ ಕಡೆಯ ಹೊಲ ನೋಡಿಕೊಂಡು ಅಡರಕಟ್ಟಿಯಲ್ಲಿ ನೆಲೆ ನಿಂತ. ಮೊದಮೊದಲು ಮದುವೆ ಮುಂಜಿಗೆ ಸಿಗುತ್ತಿದ್ದೆವು. ಆಮೇಲೆ ಅದೂ ಇಲ್ಲ. ಈ ಕಥೆಯನ್ನು ನಾನು ಎಷ್ಟೋ ಜನಕ್ಕೆ ಹೇಳಿ ನಗಿಸಿದ್ದೇನೆ. ಮುಂಡರಗಿಯ ಸೋಲನ್ನೂ ನನ್ನ ಲೆಕ್ಕಕ್ಕೇ ಸೇರಿಸುತ್ತಿದ್ದೆ. ನಾನು ಮೊದಲೇ ಬಾಯಿ ಬಿಟ್ಟಿದ್ದರೆ ಹೊಸ ಗೋಲಿ ಪಳಗುತ್ತಿದ್ದ, ತಂಡ ಉಳಿಯುತ್ತಿತ್ತು ಎಂದು. ನಗಿಸಿ ಮನೆಗೆ ಬಂದ ಮೇಲೆ ‘ಎಲ್ಲ ನನ್ನಿಂದ’ ಎಂಬ ಆ ಒಂದು ಮಾತು ಒಳಗೆ ಕೊರೆಯುತ್ತಿತ್ತು.

ಮೊನ್ನೆ ನೀಲಾ ಚಟ್ನಿಪುಡಿ ಡಬ್ಬಿಗೆ ತುಂಬುತ್ತ, ‘ಎಷ್ಟ ವರ್ಷ ಇದನ್ನ ನನ್ನ ಮುಂದ ಹೇಳತೀರಿ? ಅವರ ಮುಂದ ಹೋಗಿ ಹೇಳಬಾರದೇನ್ರಿ?’ ಎಂದಳು. ನಿನ್ನೆ ಬಸ್ಸು ಹತ್ತಿ ಅಡರಕಟ್ಟಿಗೆ ಹೋದೆ. ದಾವಲಣ್ಣ ಬೇವಿನ ನೆರಳಿಗೆ ಕುಳಿತು ಶೇಂಗಾ ಸುಲಿಯುತ್ತಿದ್ದ. ಎಂಬತ್ತು ದಾಟಿದೆ. ನನ್ನನ್ನು ನೋಡಿದವನೇ, ‘ಬಾರಲೇ, ಕುಂಡ್ರು’ ಎಂದು ಒಂದು ಮುಷ್ಟಿ ಕಾಯಿ ನನ್ನ ಮುಂದೂ ಹಾಕಿದ. ಸ್ವಲ್ಪ ಹೊತ್ತು ಇಬ್ಬರೂ ಸುಲಿದೆವು. ಆಮೇಲೆ ಹೇಳಿದೆ.

‘ದಾವಲಣ್ಣ, ಆ ವರ್ಷ ಒಂಬತ್ತೂ ನನ್ನಿಂದ ಸೋತ್ವಿ. ತಂಡಾ ಮುಳುಗಿದ್ದೂ ನನ್ನಿಂದ.’

ಅವನ ಕೈ ನಿಂತಿತು. ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದ. ಖರೇನೇ ಸಿಟ್ಟು ಬಂದಿತ್ತು ಅವನಿಗೆ.

‘ಒಂಬತ್ತೂ ನಿಂದಽ? ನಾವೇನ ಸುಮ್ಮನ ನಿಂತಿದ್ವೇನು? ಲೇ, ನಿನ್ನಿಂದ ಸೋತದ್ದು ನಾಕು. ನಾ ಎಣಿಸೇನಿ. ಉಳಿದ ಐದು ನಾವು ಹತ್ತ ಮಂದಿ ಕೂಡಿ, ಬೆವರ ಸುರಿಸಿ ಸೋತೇವಿ. ಎಲ್ಲಾ ನೀ ಒಬ್ಬನಽ ತಗೊಂಡ ಹೋದ್ರ ನಮಗೇನ ಉಳೀತು?’

ಹಿಂತಿರುಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ನಾಲ್ಕು, ಐದು ಎಂದು ಎರಡು ಮೂರು ಸಲ ಎಣಿಸಿದೆ. ನಾಲ್ಕನ್ನು ಹೊತ್ತುಕೊಂಡು ಹೋಗುವುದು ಅಷ್ಟೇನೂ ಕಷ್ಟವಲ್ಲ.