ಲೈಟ್‌ಹೌಸ್ ಮೆಟ್ಟಿಲಲ್ಲಿ ಆಡಿದ ಕನ್ನಡ

ನಿಮಗೆ ಹೀಗಾಗಿದೆಯಾ? ಪರ ಊರಿನಲ್ಲಿ, ಬಸ್ಸಿನಲ್ಲೋ ಲಿಫ್ಟಿನಲ್ಲೋ, ಪಕ್ಕದಲ್ಲಿ ನಿಂತವರ ಬಗ್ಗೆ ಅವರ ಎದುರೇ ಕನ್ನಡದಲ್ಲಿ ಏನೋ ಅಂದು, ಆಮೇಲೆ ಅವರ ಮುಖ ನೋಡಿ ಎದೆ ಧಸಕ್ಕೆಂದಿದೆಯಾ? ಇಲ್ಲವೇ ಇಲ್ಲ ಅನ್ನಬೇಡಿ, ನಾನು ನಂಬುವುದಿಲ್ಲ. ಊರು ಬಿಟ್ಟು ಬದುಕುವ ಕನ್ನಡದವರು ಬಹಳ ಜನ ಈ ಕೆಲಸ ಮಾಡುತ್ತೇವೆ. ಹೆಚ್ಚಿನವರು ಸಿಕ್ಕಿಬೀಳುವುದಿಲ್ಲ, ಅಷ್ಟೇ. ನಾನು ಕಳೆದ ಚಳಿಗಾಲದಲ್ಲಿ ಸಿಕ್ಕಿಬಿದ್ದೆ.

ನಾವಿರುವುದು ಕೋಲ್ಕತ್ತಾದ ಬೆಹಾಲಾದಲ್ಲಿ. ಗಂಡನಿಗೆ ಬ್ಯಾಂಕಿನ ಕೆಲಸ, ವರ್ಗವಾಗಿ ಬಂದದ್ದು, ಇಲ್ಲಿಯೇ ಉಳಿದುಬಿಟ್ಟೆವು. ನಮ್ಮ ಮನೆಯಲ್ಲಿ ಕನ್ನಡಕ್ಕೆ ಎರಡು ಕೆಲಸ. ಒಂದು, ಊಟ ತಿಂಡಿ, ಊರಿನ ಸುದ್ದಿ. ಇನ್ನೊಂದು ಗುಟ್ಟು. ಮೀನು ಮಾರುಕಟ್ಟೆಯಲ್ಲಿ ಮೀನಿನವನ ಎದುರೇ ನಿಂತು ಇದು ನಿನ್ನೆಯದ್ದು, ಬೇಡ ಎಂದು ಗಂಡನಿಗೆ ಹೇಳಬಹುದು. ಲಿಫ್ಟಿನಲ್ಲಿ ಮೇಲಿನ ಮಹಡಿಯವಳ ಹೊಸ ಸೀರೆಯ ಬಗ್ಗೆ ತೀರ್ಪು ಕೊಡಬಹುದು, ಅವಳತ್ತ ನಗುತ್ತಲೇ. ಮಗಳು ಇಲ್ಲಿ ಬೆಳೆದವಳು, ಈಗ ಕಾಲೇಜು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿ ತೆರೆದರೆ ಮಾತ್ರ ಬಂಗಾಳಿ, ಇಂಗ್ಲಿಷ್. ಅವಳ ಬಾಯಲ್ಲಿ ಕನ್ನಡ ಬರುವುದು ಹೊರಗಡೆ ಯಾರನ್ನಾದರೂ ಆಡಿಕೊಳ್ಳುವಾಗ. ಅದನ್ನು ಕಲಿಸಿದವಳು ನಾನೇ.

ಕ್ರಿಸ್ಮಸ್ ರಜೆಗೆ ದೀಘಾಕ್ಕೆ ಹೋಗಿದ್ದೆವು. ಕೋಲ್ಕತ್ತಾದವರಿಗೆ ಸಮುದ್ರವೆಂದರೆ ಮೊದಲು ನೆನಪಾಗುವುದು ದೀಘಾ. ವಾಪಸ್ ಬರುವಾಗ ದಾರಿಯಿಂದ ಸ್ವಲ್ಪ ಒಳಗೆ, ಕಾಂಥಿ ಊರಿನ ಆಚೆ ನದಿ ಸಮುದ್ರ ಸೇರುವ ಕಡೆ ಒಂದು ಹಳೇ ಲೈಟ್‌ಹೌಸ್ ಇದೆ, ಮಧ್ಯಾಹ್ನದ ಮೇಲೆ ಸ್ವಲ್ಪ ಹೊತ್ತು ಜನರನ್ನು ಹತ್ತಿಸುತ್ತಾರೆ ಎಂದು ಹೋಟೆಲಿನವರು ಹೇಳಿದರು. ಮಗಳಿಗೆ ಫೋಟೋ ಬೇಕಿತ್ತು. ನನಗೇನೂ ಉತ್ಸಾಹವಿರಲಿಲ್ಲ. ನಾನು ಕಾಪುವಿನ ಕಡೆಯವಳು. ನನ್ನ ಲೆಕ್ಕದಲ್ಲಿ ಲೈಟ್‌ಹೌಸ್ ಎಂದರೆ ಬಂಡೆಯ ಮೇಲೆ ನಿಂತಿರಬೇಕು, ಬುಡಕ್ಕೆ ತೆರೆ ಅಪ್ಪಳಿಸಬೇಕು. ಇದು ನೋಡಿದರೆ ಗದ್ದೆ, ಕೆರೆ, ಬಾಳೆಗಿಡಗಳ ನಡುವೆ ಸುಮ್ಮನೆ ನಿಂತಿತ್ತು, ಸಮುದ್ರದ ಜೊತೆ ಠೂ ಬಿಟ್ಟ ಹಾಗೆ. ಕಾರಿನಿಂದ ಇಳಿಯುವಾಗಲೇ ನಾನು ಶುರು ಮಾಡಿದ್ದೆ, ನಮ್ಮ ಕಾಪುವಿನ ಮುಂದೆ ಇದೆಂತದು ಎಂದು.

ಮೇಲೆ ಜಾಗ ಕಡಿಮೆ, ಅದಕ್ಕೆ ಕೆಲವೇ ಜನರನ್ನು ಒಂದು ಸಲಕ್ಕೆ ಬಿಡುತ್ತಿದ್ದರು. ಸಾಲಿನಲ್ಲಿ ನಮ್ಮ ಮುಂದೆ ವಯಸ್ಸಾದ ಗಂಡ ಹೆಂಡತಿ. ಗಂಡ ಉಣ್ಣೆಯ ಮಂಕಿ ಟೋಪಿ ಹಾಕಿದ್ದರು, ಇಲ್ಲಿನ ಹಿರಿಯರು ಚಳಿ ಬರುವ ಮೊದಲೇ ಹಾಕುವಂಥದ್ದು. ಆಕೆಯ ಕೈಯಲ್ಲಿ ಬಂಗಾಳಿ ಮುತ್ತೈದೆಯರ ಬಿಳಿ ಶಂಖದ ಬಳೆ, ಕೆಂಪು ಬಳೆ. ಬಾಯಲ್ಲಿ ಸಲೀಸಾದ ಬಂಗಾಳಿ. ಮೈಮೇಲೆ ಕೆಂಪು ಶಾಲು. ನಾನೂ ಅವತ್ತು ಕೆಂಪು ಶಾಲನ್ನೇ ಹೊದ್ದಿದ್ದೆ.

ಮಾತು ಶುರು ಮಾಡಿದವರು ಆ ಯಜಮಾನರು. ಬಂಗಾಳಿಗಳಿಗೆ ಸಾಲಿನಲ್ಲಿ ಸುಮ್ಮನೆ ನಿಲ್ಲಲು ಬರುವುದಿಲ್ಲ. ಅವರು ನದಿಮುಖದಲ್ಲಿ ಹೂಳೆತ್ತುವ ಹಡಗಿನಲ್ಲಿ ಕೆಲಸ ಮಾಡಿ ನಿವೃತ್ತರಾದವರಂತೆ. ವಾರಗಟ್ಟಲೆ ನೀರಿನ ಮೇಲೆ. ಸಂಜೆಯಾದರೆ ದೂರದಲ್ಲಿ ಈ ದೀಪ ಕಾಣಿಸುತ್ತಿತ್ತಂತೆ. ಹೆಂಡತಿಗೆ ಇದನ್ನು ಹತ್ತಿಸಿ ತೋರಿಸುತ್ತೇನೆ ಎಂದು ಮಾತು ಕೊಟ್ಟಿದ್ದರಂತೆ, ಆದರೆ ಹಿಂದೆ ಬಂದಾಗಲೆಲ್ಲ ಬಾಗಿಲು ಹಾಕಿತ್ತು. ಈಗ ಬಾಗಿಲು ತೆರೆದಿದೆ, ಆದರೆ ಇವರ ಹೃದಯಕ್ಕೆ ಮೆಟ್ಟಿಲು ಕೂಡದು ಎಂದು ಡಾಕ್ಟರರು ಹೇಳಿದ್ದಾರೆ. ಆದ್ದರಿಂದ ಅವಳೊಬ್ಬಳೇ ಹತ್ತುವುದು, ಮೇಲಿಂದ ಕೈ ಬೀಸುವುದು, ಇವರು ಕೆಳಗಿನಿಂದ ನೋಡುವುದು. ಇಷ್ಟು ವರ್ಷ ದೂರದಿಂದ ದೀಪ ನೋಡಿದೆ, ಇವತ್ತು ಒಂದು ಸಲ ದೀಪದ ಜಾಗದಲ್ಲಿ ಇವಳನ್ನು ನೋಡಿಬಿಡುತ್ತೇನೆ ಎಂದರು. ಆಕೆಯ ಮೊಣಕಾಲೂ ಬರುವ ವರ್ಷಕ್ಕೆ ಏನಾಗುತ್ತದೋ, ಹಾಗಾಗಿ ಇವತ್ತು ಬಿಟ್ಟರೆ ಇಲ್ಲ ಎಂದೂ ಸೇರಿಸಿದರು. ಆಮೇಲೆ ನನ್ನ ಶಾಲು ನೋಡಿ ನಕ್ಕರು. ಎರಡು ಕೆಂಪು, ನನ್ನ ಕಣ್ಣಿಗೆ ಗುರುತು ಸಿಗಲಿಕ್ಕಿಲ್ಲ, ನೀನು ಎರಡೂ ಕೈ ಎತ್ತು ಎಂದು ಹೆಂಡತಿಗೆ ಹೇಳಿದರು. ಆಕೆ ಹುಸಿಮುನಿಸಿನಿಂದ ಅವರ ಟೋಪಿ ಎಳೆದು ಸರಿಮಾಡಿ, ಕೈಚೀಲ ಅವರ ಕೈಗೆ ಕೊಟ್ಟು ಒಳಗೆ ಹೋದರು. ಅವರ ಹಿಂದೆ ನಾನು, ನನ್ನ ಹಿಂದೆ ಮಗಳು, ಗಂಡ.

ಒಳಗೆ ಸುತ್ತು ಮೆಟ್ಟಿಲು. ಒಬ್ಬರ ಹಿಂದೆ ಒಬ್ಬರೇ ಹತ್ತಬೇಕು. ಹೊಸ ಸುಣ್ಣದ ವಾಸನೆ. ಅಲ್ಲಲ್ಲಿ ಸಣ್ಣ ಕಿಟಕಿ. ಮೊದಲು ಆಕೆ ಚೆನ್ನಾಗಿಯೇ ಹತ್ತಿದರು. ನಾನು ಹಿಂದಿನಿಂದ ಕಾಪುವಿನ ಪುರಾಣ ಬಿಡಿಸುತ್ತಿದ್ದೆ, ಆ ಬಂಡೆ, ಆ ಗಾಳಿ, ನಾವು ಶಾಲೆಯಿಂದ ಹೋಗಿ ಹತ್ತಿದ್ದು. ಸ್ವಲ್ಪ ಹೊತ್ತಿಗೆ ಆಕೆ ಒಂದು ಕಿಟಕಿಯ ಹತ್ತಿರ ನಿಂತರು. ನಾವೂ ನಿಂತೆವು. ಮತ್ತೆ ಕೆಲವು ಮೆಟ್ಟಿಲು, ಮತ್ತೆ ನಿಂತರು. ಗೋಡೆಗೆ ಕೈ ಕೊಟ್ಟು, ತಲೆ ಸ್ವಲ್ಪ ಓರೆ ಮಾಡಿ. ಮೂರನೇ ಸಲ ನಿಂತಾಗ ನನಗೆ ತಲೆ ಕೆಟ್ಟಿತು. ಕತ್ತಲಾಗುವ ಮೊದಲು ಕೋಲ್ಕತ್ತಾ ದಾರಿಯ ಕೋಲಾಘಾಟ್ ದಾಟಬೇಕಿತ್ತು, ತಡವಾದರೆ ಟ್ರಾಫಿಕ್ಕು.

"ಇವರು ಹೀಗೆ ನಿಂತು ನಿಂತು ಹೋದ್ರೆ ನಾವು ನಾಳೆ ಮನೆ ಮುಟ್ಟುದು, ಮಾರಾಯ್ರೆ," ಎಂದೆ.

ಹಿಂದಿನಿಂದ ಗಂಡ, "ಮೆಲ್ಲ ಮಾತಾಡು ಮಾರಾಯ್ತಿ," ಎಂದರು.

"ಎಂತಕ್ಕೆ ಮೆಲ್ಲ? ಅವರಿಗೆ ಕನ್ನಡ ಬರ್ತದಾ? ಹತ್ಲಿಕ್ಕೆ ಆಗದಿದ್ರೆ ಕೆಳಗೆ ಗಂಡನ ಒಟ್ಟಿಗೆ ಕೂತು ಚಾ ಕುಡಿಯುದಪ್ಪ. ಈ ಪ್ರಾಯದಲ್ಲಿ ಹೊಸ ಮದುಮಗಳ ಹಾಗೆ ಶಾಲು ಬೀಸ್ಲಿಕ್ಕೆ ಹೊರಟದ್ದು ನೋಡಿ."

ಮಗಳು ಕಿಸಕ್ಕೆಂದಳು. ಅವಳ ಹರಕು ಕನ್ನಡದಲ್ಲಿ ಅವಳದ್ದೂ ಒಂದು ಸೇರಿಸಿದಳು, ಅಜ್ಜ ಹೀರೋ, ಅಜ್ಜಿ ಹೀರೋಯಿನ್ ಎಂದು. ಗಂಡನೂ ನಕ್ಕರು. ಒಳಗೆ ಸಣ್ಣ ಸದ್ದೂ ಗುಂಯ್ ಎಂದು ಸುತ್ತುತ್ತದೆ, ನಗು ಮೇಲಿನವರೆಗೆ ಹೋಯಿತು.

ಆಕೆ ತಿರುಗಲಿಲ್ಲ. ಆಮೇಲೆ ಎಲ್ಲೂ ನಿಲ್ಲಲೂ ಇಲ್ಲ. ಬೇಗ ಬೇಗ ಹತ್ತಿದರು. ನನಗೆ ಆಗಲಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಅಂತೂ ದಾರಿ ಬಿಟ್ಟರು ಎಂದುಕೊಂಡೆ.

ಮೆಟ್ಟಿಲು ಮುಗಿದು ಕಬ್ಬಿಣದ ಏಣಿ ಶುರುವಾಗುವ ಕಡೆ ನಾಲ್ಕು ಜನ ನಿಲ್ಲುವಷ್ಟು ಜಾಗ. ಏಣಿಯ ಮೇಲೆ ತೆರೆದ ಬಾಗಿಲು, ಅದರಾಚೆ ಆಕಾಶ. ಆಕೆ ಏಣಿ ಹತ್ತಲಿಲ್ಲ. ಗೋಡೆಗೆ ಒತ್ತಿ ನಿಂತು, ನಮಗೆ ಜಾಗ ಬಿಟ್ಟು, ನನ್ನ ಮುಖ ನೋಡಿ ಹೇಳಿದರು.

"ನೀವು ಮುಂದ ಹೋಗ್ರಿ. ನನ್ನ ಕಾಲಿಗೇನೂ ಆಗಿಲ್ಲ. ಕನ್ನಡ ಕಿವಿಗೆ ಬಿದ್ದು ಭಾಳ ದಿನಾ ಆಗಿತ್ತು, ಅದಕ್ಕ ನಿಂತ್ ನಿಂತ್ ಕೇಳ್ಕೋತ ಬಂದೆ."

ಧಾರವಾಡದ ಕಡೆಯ ಕನ್ನಡ. ಸ್ವಲ್ಪವೂ ತುಕ್ಕು ಹಿಡಿದಿರಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆನೇನೋ, ನನ್ನ ಬಾಯಿ ಹಾಗೆಯೇ. ಆದರೆ ಆಕೆ ವಿಳಾಸ ಕೇಳಿದವರಿಗೆ ದಾರಿ ಹೇಳಿದ ಹಾಗೆ ಹೇಳಿದರು. ನಾನು ಮಾಡಿದ್ದೇನು ಗೊತ್ತಾ? ಹಿಂದಿಯಲ್ಲಿ ಕ್ಷಮೆ ಕೇಳಿದೆ. ಮಾಸಿಮಾ ಮಾಸಿಮಾ ಎಂದು ಬಂಗಾಳಿಯಲ್ಲಿ ಚಿಕ್ಕಮ್ಮ ಮಾಡಿಕೊಂಡು, ಮಾಫ್ ಕೀಜಿಯೇ ಎಂದು ತೊದಲಿದೆ. ಅಷ್ಟು ಹೊತ್ತು ಝರಿಯ ಹಾಗೆ ಹರಿದ ಕನ್ನಡದಲ್ಲಿ ಆಗ ಒಂದು ಶಬ್ದವೂ ಬರಲಿಲ್ಲ. ಆಕೆ ತಲೆ ಆಡಿಸಿದರು. ನೀವು ಬನ್ನಿ, ನೀವೇ ಮೊದಲು ಹತ್ತಿ ಎಂದು ಕೈಸನ್ನೆ ಮಾಡಿದೆ. ಆಕೆ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿಯತೊಡಗಿದ್ದರು. ಅವರು ಹೋಗಲೆಂದು ಮಗಳೂ ಗಂಡನೂ ಗೋಡೆಗೆ ಅಂಟಿ ನಿಂತರು. ಮಗಳು ಕಣ್ಣು ಮುಚ್ಚಿಕೊಂಡಿದ್ದಳು.

ಅವರ ಹಿಂದೆಯೇ ಇಳಿಯಬೇಕಿತ್ತು. ಆದರೆ ಹಿಂದಿನ ಗುಂಪು ಹತ್ತಿ ಬರುತ್ತಿತ್ತು, ಮೇಲಿದ್ದ ಸಿಬ್ಬಂದಿ ಬೇಗ ಬೇಗ ಎಂದು ಕರೆಯುತ್ತಿದ್ದ. ಇದು ನೆಪ. ನಿಜ ಹೇಳಬೇಕೆಂದರೆ ಕೆಳಗೆ ಹೋಗಿ ಅವರ ಎದುರು ನಿಲ್ಲುವುದಕ್ಕಿಂತ ಮೇಲೆ ಹೋಗುವುದು ನನಗೆ ಸುಲಭವಾಗಿತ್ತು. ಹತ್ತಿದೆ.

ನೋಟ ಚೆನ್ನಾಗಿತ್ತು. ಅದನ್ನೂ ಹೇಳಬೇಕು. ಗದ್ದೆಗಳು ಮುಗಿದು ಗಾಳಿಮರದ ಸಾಲು, ಅದರಾಚೆ ಕಂದು ನೀರು ಅಗಲವಾಗಿ ಮಲಗಿತ್ತು. ನದಿ ಎಲ್ಲಿ ಮುಗಿಯಿತು, ಸಮುದ್ರ ಎಲ್ಲಿ ಶುರುವಾಯಿತು ಎಂದು ಗೊತ್ತಾಗುತ್ತಿರಲಿಲ್ಲ. ಮೀನಿನ ದೋಣಿಗಳು ಸಾಲಾಗಿ ಬರುತ್ತಿದ್ದವು. ಕಾಪುವಿನಲ್ಲಿ ಇಂಥದ್ದು ಇಲ್ಲ.

ಗಾಳಿಗೆ ನನ್ನ ಶಾಲು ಹಾರಿತು. ಹಿಡಿದುಕೊಳ್ಳಲು ಕಟಕಟೆಯ ಕಡೆ ಬಾಗಿದವಳು ಕೆಳಗೆ ನೋಡಿದೆ. ಅಂಗಳದ ನಡುವೆ ಆ ಯಜಮಾನರು ತಲೆಯೆತ್ತಿ ನಿಂತಿದ್ದರು. ನನ್ನನ್ನು ಕಂಡದ್ದೇ ಮಂಕಿ ಟೋಪಿ ತೆಗೆದು ಬೀಸತೊಡಗಿದರು. ಕೆಂಪು ಶಾಲು ಕಂಡಿತ್ತು, ಇನ್ನೇನು ಬೇಕು ಅವರಿಗೆ. ಹಿಂದೆ ಸರಿಯಬೇಕಿತ್ತು ನಾನು. ಆದರೆ ಅವರು ಅಷ್ಟು ಆಸೆಯಿಂದ ಬೀಸುವಾಗ ಸುಮ್ಮನೆ ನಿಂತರೆ ಏನೆಂದುಕೊಳ್ಳುತ್ತಾರೋ ಎನಿಸಿತು. ಒಂದು ಕೈ ಎತ್ತಿದೆ. ಅವರು ಕೆಳಗಿನಿಂದ ತಮ್ಮ ಎರಡೂ ಕೈ ಎತ್ತಿ ತೋರಿಸಿದರು, ಎರಡು, ಎರಡು ಎಂದು. ನಾನು ಇನ್ನೊಂದು ಕೈಯನ್ನೂ ಎತ್ತಿದೆ.

ಎತ್ತಿದ ಕೈ ಎತ್ತಿದಂತೆಯೇ ಇತ್ತು, ಬುಡದ ಬಾಗಿಲಿನಿಂದ ಆಕೆ ಹೊರಗೆ ಬಂದರು. ಅಷ್ಟು ಎತ್ತರದಿಂದ ಮುಖ ಕಾಣುವುದಿಲ್ಲ. ಯಜಮಾನರು ಟೋಪಿ ಹಿಡಿದ ಕೈ ಇಳಿಸಿ ಹೆಂಡತಿಯ ಕಡೆ ತಿರುಗಿದ್ದು ಕಂಡಿತು. ಆಮೇಲೆ ಇಬ್ಬರೂ ತಲೆಯೆತ್ತಿ ನನ್ನನ್ನು ನೋಡಿದ್ದು ಕಂಡಿತು.

ಇಳಿದು ಬರುವಷ್ಟರಲ್ಲಿ ಸಿಬ್ಬಂದಿ ಸಾಲನ್ನು ನಿಲ್ಲಿಸಿದ್ದ. ಈಗ ಹೋದವರೇ ಕೊನೆಯಂತೆ. ಇವರೊಬ್ಬರನ್ನು ಬಿಡಿ, ಅರ್ಧಕ್ಕೆ ಇಳಿದರು, ಅದು ನನ್ನಿಂದ ಎಂದು ಅವನ ಮುಂದೆ ಗೋಗರೆದೆ. ನಾಳೆ ಬನ್ನಿ ಎಂದ. ಅವನ ತಪ್ಪೇನೂ ಇಲ್ಲ, ಸಂಜೆಯ ದೀಪದ ಕೆಲಸ ಶುರುವಾಗಬೇಕಿತ್ತು. ಇದನ್ನೆಲ್ಲ ನೋಡುತ್ತಿದ್ದ ಯಜಮಾನರೇ ನನ್ನನ್ನು ಸಮಾಧಾನ ಮಾಡಿದರು. ಮೊಣಕಾಲು ಹಿಡಿದುಕೊಂಡಿತಂತೆ ಇವಳಿಗೆ, ನೀವು ಯಾಕೆ ಬೇಜಾರು ಮಾಡುತ್ತೀರಿ ಎಂದರು. ಆಕೆ ಅವರಿಗೆ ಹೇಳಿದ್ದು ಅಷ್ಟೇ. ಬೇರೆಯವರ ಹೆಂಡತಿಗೆ ಟೋಪಿ ಬೀಸಿದೆನಲ್ಲ ಎಂದು ನನ್ನ ಗಂಡನ ಹೆಗಲು ತಟ್ಟಿ ನಕ್ಕರು. ನಗುವಾಗಲೂ ಒಮ್ಮೆ ಮೇಲೆ ನೋಡಿದರು.

ಆಕೆ ನನ್ನ ಹತ್ತಿರ ಬಂದರು. ಈಗ ಬಯ್ಯುತ್ತಾರೆ, ಬಯ್ಯಲಿ ಎಂದು ನಿಂತಿದ್ದೆ.

"ಮ್ಯಾಲಿಂದ ಹೆಂಗ ಕಾಣಸ್ತಿದ್ರು ಅವರು?" ಎಂದು ಕೇಳಿದರು.

"ಸಣ್ಣ ಕಾಣ್ತಿದ್ರು," ಎಂದೆ. ಅಂತೂ ಕನ್ನಡ ಬಂತು. "ಟೋಪಿ ತೆಗೆದು ಬೀಸ್ತಾ ಇದ್ರು. ಆಮೇಲೆ ಎರಡೂ ಕೈ ಎತ್ತಿದ್ರು."

"ಹೌದೇನ್ರಿ," ಎಂದು ಶಾಲಿನ ಅಂಚು ಬೆರಳಿಗೆ ಸುತ್ತಿಕೊಂಡರು.

ಹೆಂಡತಿಯ ಬಾಯಲ್ಲಿ ಕನ್ನಡ ಕೇಳಿ ಯಜಮಾನರ ಮುಖ ಅರಳಿತು. ನಿನ್ನ ನಾಡಿನವರಾ, ಮೊದಲೇ ಹೇಳಬಾರದಾ ಎಂದು ಅವಳಿಗೆ ಬೈದು, ನನಗೆ ಬಂಗಾಳಿಯಲ್ಲಿ ಹೇಳಿದರು: ಇವಳ ತಾಯಿ ಹೋದ ಮೇಲೆ ಫೋನಿನಲ್ಲೂ ಆ ಭಾಷೆ ಆಡಲು ಯಾರೂ ಇಲ್ಲ, ಮಾತಾಡಿ, ಮಾತಾಡಿ, ನಾವು ಗಂಡಸರು ಆಚೆ ಹೋಗುತ್ತೇವೆ. ಚೀಲದಿಂದ ಮಂಡಕ್ಕಿಯ ಡಬ್ಬಿ ತೆಗೆದು ನನ್ನ ಮಗಳ ಕೈಗಿಟ್ಟರು. ಮಾತಾಡಲು ನನ್ನ ಹತ್ತಿರ ಏನಿತ್ತು? ಆಕೆ ಕೇಳಬೇಕೆಂದು ನಿಂತಾಗ ಆಡಬೇಕಾದದ್ದನ್ನೆಲ್ಲ ಆಡಿ ಮುಗಿಸಿದ್ದೆ. ಧಾರವಾಡದಲ್ಲಿ ಯಾವ ಕಡೆ ಎಂದು ಕೇಳಿದೆ. ಹೇಳಿದರು. ನನಗೆ ಆ ಊರು ಗೊತ್ತಿಲ್ಲ. ಅಷ್ಟರಲ್ಲಿ ಅವರು ಹೇಳಿಟ್ಟಿದ್ದ ಟೋಟೋ ಬಂತು, ಬ್ಯಾಟರಿಯ ಆಟೋ. ಕಾರಿನಲ್ಲಿ ಬಿಡುತ್ತೇವೆ ಎಂದೆವು. ಬ್ಯಾಡ್ರಿ ಎಂದರು. ಒತ್ತಾಯ ಮಾಡುವ ಮುಖ ನನಗಿರಲಿಲ್ಲ. ಫೋನ್ ನಂಬರನ್ನೂ ಕೇಳಲಿಲ್ಲ.

ಕೋಲಾಘಾಟ್ ದಾಟುವಾಗ ಕತ್ತಲಾಗಿತ್ತು. ಹಿಂದಿನ ಸೀಟಿನಿಂದ ಮಗಳು, "ಅಮ್ಮಾ, ಯು ವೇವ್ಡ್ ಬ್ಯಾಕ್," ಎಂದಳು. ಹೌದು ಎಂದೆ. ಅವಳ ಮಡಿಲಲ್ಲಿ ಆ ಮಂಡಕ್ಕಿ ಡಬ್ಬಿ ಹಾಗೆಯೇ ಇತ್ತು, ವಾಪಸ್ ಕೊಡುವುದನ್ನೂ ಮರೆತಿದ್ದೆವು.

ಈಗ ಲಿಫ್ಟಿನಲ್ಲಿ ನಾವು ಮೂವರೂ ನೆಲ ನೋಡಿಕೊಂಡು ನಿಲ್ಲುತ್ತೇವೆ. ಡಬ್ಬಿ ನಮ್ಮ ಅಡುಗೆಮನೆಯ ಮೇಲಿನ ಕಪಾಟಿನಲ್ಲಿದೆ, ನಾನು ಅದರಲ್ಲಿ ಏನೂ ತುಂಬಿಸಿಲ್ಲ. ಆಕೆ ಆ ಮೆಟ್ಟಿಲು ಮತ್ತೆ ಹತ್ತಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಈ ಚಳಿಗಾಲಕ್ಕೆ ಅವರ ಮೊಣಕಾಲು ಹೇಗಿದೆಯೋ, ಅದೂ ಗೊತ್ತಿಲ್ಲ.

ನೀವು ಹೇಳಿ. ಹಿಂದೆ ನಿಂತು ಆಡಿದವರು ಬಹಳ ಜನ ಇರುತ್ತೀರಿ, ನಿಮ್ಮ ಕಥೆಯೂ ಬರಲಿ, ನಾಚಿಕೆಪಡುವುದಕ್ಕೆ ಜೊತೆಯಾದರೂ ಸಿಗುತ್ತದೆ. ಆದರೆ ನನಗೆ ನಿಜವಾಗಿ ಓದಬೇಕಾಗಿರುವುದು ಮುಂದೆ ನಿಂತು ಕೇಳಿಸಿಕೊಂಡವರದ್ದು. ಪರ ಊರಿನಲ್ಲಿ ನಿಮ್ಮ ಬಗ್ಗೆ ಯಾರಾದರೂ ನಿಮ್ಮದೇ ಭಾಷೆಯಲ್ಲಿ ಅಂದು ನಕ್ಕಾಗ ನೀವು ಏನು ಮಾಡಿದಿರಿ, ಆಮೇಲೆ ಆ ಮೆಟ್ಟಿಲು ಹತ್ತಿದಿರಾ? ಕೆಳಗೆ ಬರೆಯಿರಿ. ಒಂದೊಂದನ್ನೂ ಓದುತ್ತೇನೆ.