ಹೊಳೆಗೆ ಹೋದ ಲೈಸೆನ್ಸು

ನನ್ನ ಡ್ರೈವಿಂಗ್ ಲೈಸೆನ್ಸು ಕಳೆದದ್ದಲ್ಲ, ಪೂಜೆ ಮಾಡಿಸಿಕೊಂಡು ಹೊಳೆಗೆ ಹೋದದ್ದು. ದಸರೆಯ ಖಂಡೆಪೂಜೆಯ ದಿನ ಕತ್ತರಿ, ಕುಡುಗೋಲು, ಕಾರಿನ ಕೀಲಿಗಳ ಜೊತೆ ಅದನ್ನೂ ದೇವರ ಜಗಲಿಯ ಮೇಲಿಟ್ಟೆ. ಐವತ್ತು ದಾಟಿದ ಮೇಲೆ ಸಂಪಾದಿಸಿದ್ದು. ಕುಡುಗೋಲಿಗಿರುವ ಮರ್ಯಾದೆ ಅದಕ್ಕೂ ಬೇಡವೇ? ಅತ್ತೆ ವಿಭೂತಿ ಹಚ್ಚಿ, ಚೆಂಡುಹೂ ಏರಿಸಿ, ಅದರೊಳಗಿನ ನನ್ನ ಫೋಟೋದ ಹಣೆಗೇ ಕುಂಕುಮ ಇಟ್ಟರು. ಮರುದಿನ ಬಾಡಿದ ಹೂವು, ಪತ್ರಿಯನ್ನೆಲ್ಲ ಬಾಚಿ ಗಂಟು ಕಟ್ಟಿದರು. ದೇವರಿಗೇರಿಸಿದ್ದನ್ನು ಯಾರೂ ತುಳಿಯಬಾರದು, ಹರಿಯುವ ನೀರಿಗೇ ಬಿಡಬೇಕು. ಮೈದುನ ಆ ಗಂಟನ್ನು ಒಯ್ದು ಕಾಗಿಣಾ ಸೇತುವೆಯ ಮೇಲಿಂದ ಭಕ್ತಿಪೂರ್ವಕ ಬಿಟ್ಟುಬಂದ. ಸಂಜೆ ನೋಡಿದರೆ ಕೀಲಿ ಇದೆ, ಕತ್ತರಿ ಇದೆ, ಲೈಸೆನ್ಸಿಲ್ಲ.

ಹೊಸ ಪ್ರತಿಗೆ ಅರ್ಜಿ ಹಾಕಲು ಪೊಲೀಸರ ಪತ್ರ ಬೇಕೆಂದರು. ಸೇಡಂ ಠಾಣೆಗೆ ಹೋದೆ.

“ಎಲ್ಲಿ ಕಳೀತ್ರಿ ಬಾಯಿಯವರ?”

“ಕಾಗಿಣಾ ಹೊಳ್ಯಾಗ.”

“ಈಸ್ಲಿಕ್ಕ ಹೋಗಿದ್ರೇನ್ರಿ?”

“ಇಲ್ರಿ. ದೇವರ ಹೂವಿನ ಜೋಡಿ ನಮ್ಮ ಮೈದುನ ಬಿಟ್ಟು ಬಂದಾನ.”

ಪೊಲೀಸರು ಪೆನ್ನು ಕೆಳಗಿಟ್ಟು ನಕ್ಕರು. ಪಕ್ಕದ ಮೇಜಿನವರನ್ನೂ ಕರೆದು ಇನ್ನೊಮ್ಮೆ ಹೇಳಿಸಿದರು. ನನಗೂ ನಗು ತಡೆಯಲಿಲ್ಲ. ಪತ್ರವನ್ನೇನೋ ಕೊಟ್ಟರು.

ನಕ್ಕದ್ದೇನೋ ಹೌದು, ಆದರೆ ನನಗೆ ಲೈಸೆನ್ಸು ಬೇಗ ಬೇಕಿತ್ತು. ಚಿಂಚೋಳಿಗೆ ಕೊಟ್ಟ ಮಗಳಿಗೆ ಏಳು ತಿಂಗಳು. ಕುಬಸ, ಅಂದರೆ ಸೀಮಂತ, ಮಾಡಿ ಹೆರಿಗೆಗೆ ತವರಿಗೆ ಕರೆತರಬೇಕು. “ಅವ್ವಾ, ಗಾಡಿ ನೀನೇ ಹೊಡ್ಕೊಂಡು ಬಾ. ಕಾಕಾ ಹೊಡದ್ರ ನಾ ಹತ್ತಂಗಿಲ್ಲ,” ಎಂದಿದ್ದಳು. ನಮ್ಮ ಮೈದುನನಿಗೆ ರಸ್ತೆಯ ಉಬ್ಬು ತಗ್ಗುಗಳು ಕಾಣುವುದೇ ಇಲ್ಲ. ಹಿಂದೆ ಕೂತವರ ತಲೆ ಮೇಲಕ್ಕೆ ಬಡಿದಾಗಲೇ ಗೊತ್ತಾಗುವುದು. ಮನೆಗಿರುವುದು ಒಂದೇ ಕಾರು, ಸಿಮೆಂಟ್ ಲಾರಿಗಳು ಹರಿದ ರಸ್ತೆ, ತುಂಬಿದ ಬಸುರಿ. ಬರ್ತೀನಿ ಎಂದು ಮಾತು ಕೊಟ್ಟಿದ್ದೆ.

ಲೈಸೆನ್ಸನ್ನು ಫೋನಿನಲ್ಲಿ ತೋರಿಸಿದರೂ ನಡೆಯುತ್ತದೆಂದು ಮಗಳೇ ಹೇಳಿದಳು. ಆದರೆ ಕಚೇರಿಯಲ್ಲಿ ಜೀವಮಾನವೆಲ್ಲ “ಅಸಲು ಪ್ರತಿ ತರ್ರಿ” ಎನ್ನುತ್ತಲೇ ನಿವೃತ್ತರಾದ ನಮ್ಮ ಮನೆಯವರು ಒಪ್ಪಬೇಕಲ್ಲ. “ಕಾರ್ಡ್ ಕೈಗಿ ಬರೋತನ ಕೀಲಿ ಮುಟ್ಟಬ್ಯಾಡ,” ಎಂದುಬಿಟ್ಟರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ಮೈದುನ ಮಾತ್ರ ಹಲ್ಲು ಕಿರಿದು, “ನಾ ಅದೀನಲ್ರಿ ವೈನಿ,” ಎಂದ.

ಅರ್ಜಿ ಹಾಕಿದೆ. ಅಂದಿನಿಂದ ಶುರುವಾಯಿತು ಅದರ ಸ್ಟೇಟಸ್ ನೋಡುವ ಹುಚ್ಚು. ರೊಟ್ಟಿ ಬಡಿಯುತ್ತ ಹಿಟ್ಟುಗೈಯಲ್ಲೇ ಫೋನು ಒತ್ತುವುದು, ‘ಪರಿಶೀಲನೆಯಲ್ಲಿದೆ’ ಎಂದು ಕಂಡರೆ ಆ ಸಿಟ್ಟನ್ನು ರೊಟ್ಟಿಯ ಮೇಲೆ ತೀರಿಸುವುದು. ಆ ದಿನಗಳಲ್ಲಿ ನಮ್ಮ ಮನೆಯ ರೊಟ್ಟಿ ಭಾರೀ ತೆಳ್ಳಗಾದವು. ಅತ್ತೆ ಲಿಂಗಪೂಜೆ ಮುಗಿಸಿದವರೇ ಕೇಳುವುದು ಒಂದೇ ಮಾತು: “ಎಲ್ಲಿತನ ಬಂತವಾ? ವಾಡಿ ದಾಟ್ತೇನು?” ಸೇಡಮ್ಮಿಗೆ ಬರುವುದೆಲ್ಲ ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಿಯೇ ಬರಬೇಕೆಂಬುದು ಅವರ ನಂಬಿಕೆ. ತಪ್ಪು ಅವರದು, ಹಾಗಾಗಿ ದನಿ ಮೆತ್ತಗಾಗಿತ್ತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ನಾನೂ ಒಳಗೊಳಗೇ ಹಿಗ್ಗಿದೆ.

ಕುಬಸದ ಹಿಂದಿನ ಸಂಜೆ ಫೋನು ನೋಡಿ ಕಿರುಚಿಬಿಟ್ಟೆ. ‘ತಲುಪಿಸಲಾಗಿದೆ’! ಎಲ್ಲಿಗೆ? ನಮ್ಮ ಬಾಗಿಲಿಗೆ ಯಾರೂ ಬಂದಿಲ್ಲ. ಅಂಗಳ ನೋಡಿದೆ, ಚಪ್ಪಲಿ ಗೂಡು ನೋಡಿದೆ, ಅತ್ತೆಯ ಹೂವಿನ ಬುಟ್ಟಿಯನ್ನಂತೂ ಬೋರಲು ಹಾಕಿ ಕೊಡವಿದೆ. ಆಮೇಲೆ ತಲೆಗೆ ಹೊಳೆಯಿತು. ನಾವು ಮೊದಲು ಬಾಡಿಗೆಗಿದ್ದದ್ದು ಶಹಾಬಾದದಲ್ಲಿ. ನನ್ನ ಕಾಗದಪತ್ರಗಳಲ್ಲೆಲ್ಲ ಇನ್ನೂ ಅದೇ ವಿಳಾಸ. ಮೊದಲ ಲೈಸೆನ್ಸೂ ಅಲ್ಲಿಗೇ ಹೋಗಿತ್ತು, ಸಂಭ್ರಮದಲ್ಲಿ ಮರೆತೇಬಿಟ್ಟಿದ್ದೆ. ಆ ಮನೆಯ ಮಾಲಕಿಗೆ ಫೋನು ಹಚ್ಚಿದೆ.

“ಹೌದ್ರಿ, ಮುಂಜಾನೇನೇ ಬಂದದ. ಚಿಂತಿ ಮಾಡಬ್ಯಾಡ್ರಿ, ದೇವರ ಮುಂದ ಇಟ್ಟೀನಿ.”

“ತೆಗೀರಿ!” ಎಂದು ಚೀರಿದೆ. “ನಿಮ್ಮ ಕಾಲ ಬೀಳ್ತೀನಿ, ಮದಲ ಅಲ್ಲಿಂದ ತೆಗೀರಿ!”

ಮರುದಿನ ಹನ್ನೆರಡರೊಳಗೆ ಉಡಿ ತುಂಬಬೇಕೆಂದು ಮುಹೂರ್ತ ನೋಡಿದ ಅಯ್ನೋರು ಹೇಳಿದ್ದರು. ಚಿಂಚೋಳಿ ಒಂದು ದಿಕ್ಕು, ಶಹಾಬಾದ ಇನ್ನೊಂದು ದಿಕ್ಕು. ಅತ್ತೆ ಸಣ್ಣ ಮಗನನ್ನು ಎದುರಿಗೆ ನಿಲ್ಲಿಸಿಕೊಂಡರು. “ಹೊಳಿಗಿ ಬಿಟ್ಟಾವ ನೀ. ನಸುಕಿನಾಗ ಎದ್ದು ಶಹಾಬಾದಕ್ಕ ನಡಿ.” ಶಹಾಬಾದದಿಂದಲೇ ನೇರ ಚಿಂಚೋಳಿಗೆ ಹೋಗುವುದೆಂದಾಯಿತು. ಉಳಿದ ಹೆಣ್ಣುಮಕ್ಕಳನ್ನು ಬಸ್ಸಿಗೆ ಮುಂದೆ ಕಳಿಸಿ, ನಾನು, ಅತ್ತೆ, ನಮ್ಮ ಮನೆಯವರು ಬುಟ್ಟಿಗಳ ಸಮೇತ ಮೈದುನನ ಕೈಗೆ ಜೀವ ಕೊಟ್ಟು ಕೂತೆವು. ಚಿತ್ತಾಪುರ ಬರುವಷ್ಟರಲ್ಲಿ ಕುಬಸಕ್ಕೆ ಮಾಡಿದ ಉಂಡಿಗಳು ಅರ್ಧ ಪುಡಿಯಾಗಿದ್ದವು. ವಾಡಿ ದಾಟುವಾಗ ಅತ್ತೆ ಸ್ಟೇಶನ್ನಿನ ಕಡೆಗೆ ಕೈಮುಗಿದರು.

ಶಹಾಬಾದದಲ್ಲಿ ಮಾಲಕಿ ಪರಸಿ ಕಲ್ಲು ಹಾಸಿದ ಕಟ್ಟೆಯ ಮೇಲೆ ಲಕೋಟೆ ಹಿಡಿದೇ ನಿಂತಿದ್ದಳು. ಹರಿದೆ. ನನ್ನದೇ ಮುಖ, ನನ್ನದೇ ಸಹಿ! ನಮ್ಮ ಮನೆಯವರು ಅದನ್ನು ಹಿಂದೆ ಮುಂದೆ ತಿರುಗಿಸಿ, “ಅಸಲೇ ಅದ,” ಎಂದು ಕೀಲಿಯನ್ನು ನನ್ನ ಕೈಗಿಟ್ಟರು. ಅತ್ತೆ ಮೈದುನನಿಗೆ, “ಇಳಿಯಪ್ಪ, ಹಿಂದ ಕುಂದ್ರು,” ಎಂದರು. ಅವನು ಉಂಡಿಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತ. ಅವನ ಮುಖ ಕನ್ನಡಿಯಲ್ಲಿ ಕಂಡಾಗಲೆಲ್ಲ ನನಗೆ ನಗು. ಗುಂಡಗುರ್ತಿ ಹಿಂದೆ ಬಿತ್ತು, ಕಾಳಗಿ ಬಂತು, ತೊಗರಿ ಹೊಲಗಳ ನಡುವೆ ಒಂದೊಂದೇ ತಗ್ಗು ತಪ್ಪಿಸುತ್ತ ಹೊಡೆದೆ. ಇಷ್ಟು ಸಂತೋಷ ನನ್ನ ಮದುವೆಯಲ್ಲೂ ಆಗಿರಲಿಲ್ಲ, ಹೇಳಿಯೇಬಿಡುತ್ತೇನೆ.

ಹೊತ್ತು ಮೀರುವ ಮೊದಲೇ ಮುಟ್ಟಿದೆವು. ಉಡಿ ತುಂಬಿದ್ದಾಯಿತು, ಹಸಿರು ಬಳೆ ಇಟ್ಟದ್ದಾಯಿತು. ಬೀಗರ ಮನೆಯಲ್ಲಿ ಗಾಡಿ ಹೊಡೆದುಕೊಂಡು ಬಂದವನಿಗೆ ಹೊರಗೇ ಚಾ ಕಳಿಸುವ ವಾಡಿಕೆ. ಬೀಗತಿಯ ತಂಗಿ ಕಪ್ಪು ಹಿಡಿದು ಹೊರಗೆ ಹೋದವಳು ಹಾಗೇ ಮರಳಿ ಬಂದಳು. “ಗಾಡ್ಯಾಗ ಯಾರೂ ಇಲ್ರಿ. ನಿಮ್ಮ ಡ್ರೈವರ್ ಎಲ್ಲಿ ಹ್ವಾದ?”

ಮಣೆಯ ಮೇಲೆ ಕೂತಿದ್ದ ಮಗಳು ನಗುತ್ತ ಕೈ ಎತ್ತಿ ನನ್ನನ್ನು ತೋರಿಸಿದಳು. “ಡ್ರೈವರ್ ಇಲ್ಲೇ ಅದಾಳ್ರಿ. ಕಲಿಸಿದಾಕಿ ನಾನೇ.”

ಮನೆಯೆಲ್ಲ ಗೊಳ್ಳೆಂದಿತು. ನಾನಾಗಲೇ ಬೀಗತಿಯ ಚಾ ಕುಡಿದಿದ್ದೆ. ಆದರೂ ಎದ್ದುಹೋಗಿ ಡ್ರೈವರಿನ ಚಾ ಇಸಿದುಕೊಂಡು ಅದನ್ನೂ ಕುಡಿದೆ.

ಮರಳಿ ಬರುವಾಗ ಮಗಳು ನನ್ನ ಪಕ್ಕದಲ್ಲಿ ಕೂತಳು. ಕಲಿಸುವ ದಿನಗಳಲ್ಲಿ ಈ ಹುಡುಗಿ ಹ್ಯಾಂಡ್‌ಬ್ರೇಕಿನ ಮೇಲಿಂದ ಒಮ್ಮೆಯೂ ಕೈ ತೆಗೆದವಳಲ್ಲ. ಚಿಂಚೋಳಿ ದಾಟಿ ಸ್ವಲ್ಪ ದೂರ ಬಂದಿರಬೇಕು, ತಿರುಗಿ ನೋಡಿದೆ. ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು ಬಾಯಿ ತೆರೆದು ನಿದ್ದೆ ಹೋಗಿದ್ದಳು.