ಕನಕಲಕ್ಷ್ಮಿಯ ಆಕರ ಪಟ್ಟಿ

ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ ಕನಕಲಕ್ಷ್ಮಿ, ಕಲಿಯಲು ಬರುವವರು ಕಡಿಮೆಯಾದಾಗ ಕೈಕಟ್ಟಿ ಕೂರಲಿಲ್ಲ. ಎರಡು ಸಾವಿರದ ಇಸವಿಯಲ್ಲಿ, ತಮ್ಮ ನಲವತ್ತೇಳನೆಯ ವಯಸ್ಸಿನಲ್ಲಿ, ಒಂದು ಕಂಪ್ಯೂಟರ್ ತಂದು ಪಿಎಚ್.ಡಿ. ಪ್ರಬಂಧಗಳನ್ನು ಟೈಪ್ ಮಾಡಿಕೊಡತೊಡಗಿದರು.

ಅವರನ್ನು ಕಾಡಿದ್ದು ಉಲ್ಲೇಖಗಳು. ಒಬ್ಬ ಗೈಡಿಗೆ ಲೇಖಕರ ಹೆಸರು ಮೊದಲು ಬೇಕು, ಇನ್ನೊಬ್ಬರಿಗೆ ಇಸವಿ. ಬದಲಾಯಿಸು ಎಂದರೆ ನೂರಾರು ಕಡೆ ತಿದ್ದಬೇಕು. ಆಗ ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಲ್ಲಿ ಬರೆಯಲು, ತಿದ್ದಲು ಬಳಸುವ ಒಂದು ಎಡಿಟರ್ ತಂತ್ರಾಂಶ ಸಿಕ್ಕಿತು. ನೋಡಲು ಬೋಳುಬೋಳು. ಆದರೆ ಯಾವ ಕೀ ಒತ್ತಿದರೆ ಏನಾಗಬೇಕೆಂದು ನಾವೇ ಬರೆದಿಡಬಹುದಿತ್ತು. ಎರಡು ತಿಂಗಳು ಕೈಪಿಡಿ ಓದಿ, ತಪ್ಪಿ, ತಿದ್ದಿ, ಅದನ್ನು ತಮ್ಮ ಕೈಗೆ ಒಗ್ಗಿಸಿಕೊಂಡರು. ಪುಸ್ತಕಗಳ ವಿವರವೆಲ್ಲ ಒಂದೇ ಫೈಲಿನಲ್ಲಿ, ಒಂದೊಂದಕ್ಕೂ ಒಂದು ಅಡ್ಡಹೆಸರು. ಪ್ರಬಂಧದಲ್ಲಿ ಆ ಅಡ್ಡಹೆಸರು ಹಾಕಿದರೆ ಸಾಕು. ಒಂದು ಕೀ ಒತ್ತಿದರೆ ಎಲ್ಲವೂ ಬೇಕಾದ ಕ್ರಮದಲ್ಲಿ ಬಂದು ಕೂರುತ್ತಿದ್ದವು. ಪಟ್ಟಿಯಲ್ಲಿಲ್ಲದ ಹೆಸರು ಮಾತ್ರ ಕೆಂಪಗೆ ಕಾಣುತ್ತಿತ್ತು.

೨೦೦೪ರಲ್ಲಿ ಇತಿಹಾಸದ ಮೇಷ್ಟ್ರು ಪುಟ್ಟಸ್ವಾಮಿ ಗಾಬರಿಯಲ್ಲಿ ಬಂದರು. ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಬಸದಿಗಳ ಮೇಲೆ ಇಂಗ್ಲಿಷಿನಲ್ಲಿ ಬರೆದ, ಕನಕಲಕ್ಷ್ಮಿ ಟೈಪ್ ಮಾಡಿಕೊಡುತ್ತಿದ್ದ ಅವರ ಪ್ರಬಂಧದಲ್ಲಿ ನಾನೂರು ಉಲ್ಲೇಖಗಳಿದ್ದವು.

“ಗೈಡಿಗೆ ಉಲ್ಲೇಖ ಎಲ್ಲಾ ಬೇರೆ ಥರ ಬೇಕಂತೆ ಮೇಡಂ. ಸಲ್ಲಿಸೋಕೆ ಹತ್ತೇ ದಿನ ಇರೋದು.”

“ಕೂತ್ಕೊಳ್ಳಿ. ನೀವು ಕಾಫಿ ಕುಡಿಯೋದ್ರೊಳಗೆ ಆಗುತ್ತೆ.”

ಆಯಿತು. ಆದರೆ ಏಳು ಕಡೆ ‘ಸಣ್ಣಯ್ಯ’ ಎಂಬ ಹೆಸರು ಕೆಂಪಗೆ ನಿಂತಿತು.

“ಇವರ್ಯಾರು? ಪುಸ್ತಕದ ವಿವರಾನೇ ಕೊಟ್ಟಿಲ್ವಲ್ಲ.”

“ಪುಸ್ತಕ ಅಲ್ಲ ಮೇಡಂ. ಬಸದಿ ಕಾವಲಿಗಿದ್ದವರು, ಶಾಸನಗಳನ್ನ ನೋಟ್‌ಬುಕ್ಕಲ್ಲಿ ಬರ್ಕೊಂಡಿದಾರೆ, ಅದರಿಂದ ತಗೊಂಡಿದ್ದು. ಅಚ್ಚಾಗದೇ ಇರೋದನ್ನ ಗೈಡು ಒಪ್ಪಲ್ಲ. ಆ ಹೆಸರು ತೆಗೆದುಬಿಡಿ.”

“ಅವರು ಬರೆದದ್ದನ್ನ ಇಟ್ಕೊಂಡು ಹೆಸರು ತೆಗೆಯೋದಾ? ಅದು ನನ್ನ ಕೈಲಾಗಲ್ಲ ಪುಟ್ಟಸ್ವಾಮಿಯವರೇ. ಪುಸ್ತಕಕ್ಕೆ, ಲೇಖನಕ್ಕೆ ನಮೂನೆ ಇದೆ. ಕೈಬರಹಕ್ಕೂ ಒಂದು ಮಾಡ್ತೀನಿ. ಭಾನುವಾರ ಹೋಗಿ ಆ ನೋಟ್‌ಬುಕ್ ನೋಡ್ಕೊಂಡು ಬರೋಣ.”

ಪುಟ್ಟಸ್ವಾಮಿ ಮುಖ ಸಿಂಡರಿಸಿದರೂ ಭಾನುವಾರ ಹಳೇಬೀಡಿನ ಬಸ್ಸು ಹತ್ತಿದರು. ಬಸ್ತಿಹಳ್ಳಿಯಲ್ಲಿ ಸಣ್ಣಯ್ಯ ಟ್ರಂಕಿನಿಂದ ಬಟ್ಟೆಯಲ್ಲಿ ಸುತ್ತಿದ ನೋಟ್‌ಬುಕ್ ತೆಗೆದರು.

“ಯಾವ ಇಸವೀಲಿ ಬರೆದಿದ್ದು?” ಕನಕಲಕ್ಷ್ಮಿ ಕೇಳಿದರು.

“ಎಂಬತ್ತೊಂದ್ರಾಗೆ ಕಣವ್ವ. ಆಗಿನ್ನೂ ಆ ಶಾಸನದ ಕಲ್ಲು ಒಡೆದಿರಲಿಲ್ಲ. ಈಗ ಅಲ್ಲಿ ಕೊನೇ ನಾಕು ಸಾಲೇ ಇಲ್ಲ. ಇದ್ರಾಗೆ ಐತೆ.”

ಪುಟ್ಟಸ್ವಾಮಿ ಇನ್ನೊಮ್ಮೆ ಹಾಳೆ ತಿರುವಿ ನೋಡಿದರು. ತಮ್ಮ ಪ್ರಬಂಧದ ಒಂದಿಡೀ ಅಧ್ಯಾಯ ನಿಂತಿದ್ದದ್ದು ಆ ನಾಲ್ಕು ಸಾಲಿನ ಮೇಲೆ, ಅವಕ್ಕೆ ಬೇರೆ ಆಕರವೇ ಇಲ್ಲ. ಅವರು ಮತ್ತೆ ಹೆಸರು ತೆಗೆಯುವ ಮಾತೆತ್ತಲಿಲ್ಲ.

ಸೋಮವಾರ ಕನಕಲಕ್ಷ್ಮಿ ಹೊಸ ನಮೂನೆ ಬರೆದರು: ಬರೆದವರು, ಊರು, ಇಸವಿ, ಪುಟ, ಈಗ ಯಾರ ಬಳಿ ಇದೆ. ಏಳೂ ಕೆಂಪು ಅಳಿಸಿಹೋದವು. ಗೈಡ್ ಗೊಣಗಿದರೂ ಸಹಿ ಹಾಕಿದರು. ಮೌಖಿಕ ಪರೀಕ್ಷೆಗೆ ಬಂದ ಪರೀಕ್ಷಕರು ಹೆಚ್ಚು ಪ್ರಶ್ನೆ ಕೇಳಿದ್ದು ಆ ನೋಟ್‌ಬುಕ್ಕಿನ ಬಗ್ಗೆಯೇ. ಅದರ ಜೆರಾಕ್ಸ್ ಪ್ರತಿಯನ್ನು ಅನುಬಂಧವಾಗಿ ಸೇರಿಸಿ ಎಂದು ಹೇಳಿ ಪದವಿಗೆ ಶಿಫಾರಸು ಮಾಡಿದರು.

ಬೈಂಡಾದ ಪ್ರಬಂಧವನ್ನು ಇಬ್ಬರೂ ಬಸ್ತಿಹಳ್ಳಿಗೆ ಒಯ್ದರು. ಸಣ್ಣಯ್ಯ ತಮ್ಮ ಹೆಸರಿದ್ದ ಪುಟವನ್ನು ನೋಡಿ, ಟ್ರಂಕಿನ ಕಡೆ ಕೈ ತೋರಿಸಿ ಕೇಳಿದರು: “ಇಂಥಾ ನೋಟ್‌ಬುಕ್ಕು ಇನ್ನೂ ಎಲ್ಡು ಐತೆ ಕಣವ್ವ. ಅವನ್ನೂ ಟೈಪ್ ಮಾಡ್ತೀಯಾ?”

“ಕೊಡಿ” ಎಂದರು ಕನಕಲಕ್ಷ್ಮಿ.